ಬೀಳು ಬಿಟ್ಟ ಒಂದು ದಿನ

ನಮ್ಮ ಕಡೆ ಹೆಣ್ಣುಮಕ್ಕಳು ಮನೆ ಬಿಟ್ಟು ಹೊರಡಬೇಕಾದರೆ ಒಂದು ಕಾರಣ ಬೇಕು. ಹರಕೆ, ಮದುವೆ, ಬಾಣಂತನ, ಆಸ್ಪತ್ರೆ. ನಮ್ಮಂಥ ನೌಕರಿಯವರಿಗಾದರೆ ತರಬೇತಿ. ಇವುಗಳಲ್ಲಿ ಒಂದೂ ಇಲ್ಲದೆ, ಸುಮ್ಮನೆ ನಾಲ್ಕು ಕಡೆ ನೋಡಿಕೊಂಡು ಬರುತ್ತೇನೆಂದು ಹೊರಟರೆ ಆ ದಿನವನ್ನು ಯಾವ ಖಾತೆಗೆ ಬರೆಯಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಗಂಡಸರಿಗೆ ಈ ತೊಡಕಿಲ್ಲ. ಅವರು ದಿನವಿಡೀ ಕಟ್ಟೆಯ ಮೇಲೆ ಕುಳಿತರೂ ಅದು ಊರ ಕೆಲಸವೆನಿಸುತ್ತದೆ. ಉದ್ದೇಶವಿಲ್ಲದೆ ಕಳೆದ ದಿನ ಹಾಳಾದ ದಿನವೇ?

ಹೋದ ಚಳಿಗಾಲದ ಒಂದು ರವಿವಾರ ಹಾವೇರಿಯಲ್ಲಿ ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಮೋಟೆಬೆನ್ನೂರಿನಲ್ಲಿ ಬ್ಯಾಡಗಿ ಕಡೆಯ ಹೆಂಗಸರು ಹತ್ತಿದಾಗ ಒಣಮೆಣಸಿನಕಾಯಿಯ ಘಾಟೂ ಅವರ ಸೆರಗಿನೊಂದಿಗೆ ಹತ್ತಿತು. ತೊಟ್ಟು ಬಿಡಿಸುವ ಕೆಲಸದವರು. ಅವರ ಬೆರಳುಗಳಿಗೆ ರವಿವಾರವೆಂಬುದು ಗೊತ್ತಿಲ್ಲ. ರಾಣೇಬೆನ್ನೂರಿನಲ್ಲಿ ಇಳಿದಾಗ ದೇವರಗುಡ್ಡದ ಟೆಂಪೋ ನಿಂತಿತ್ತು, ಹತ್ತಿದೆ. ಐರಣಿಯ ಟೆಂಪೋ ನಿಂತಿದ್ದರೆ ಅದನ್ನೇ ಹತ್ತುತ್ತಿದ್ದೆನೇನೋ.

ನವರಾತ್ರಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವಾಗ ಈ ಗುಡ್ಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಒಂದು ಮಾತಿನಲ್ಲಿ ರೈತ ಮಳೆ-ಬೆಳೆಯನ್ನು ಹುಡುಕುತ್ತಾನೆ, ರಾಜಕಾರಣಿ ಕುರ್ಚಿಯನ್ನು ಹುಡುಕುತ್ತಾನೆ. ಮುಂದಿನ ವರ್ಷದ ಯೋಜನೆ ಎಲ್ಲರಿಗೂ ಬೇಕು. ನಾನು ಹೋದ ದಿನ ಅಲ್ಲಿದ್ದುದು ಗಾಳಿ, ಆರೆಂಟು ಆಡು, ಭಂಡಾರ ಮಾರುವ ಒಬ್ಬ ಮುದುಕಿ. ಮಾಲತೇಶನಿಗೆ ಕೈಮುಗಿದು ಹೊರಬಂದಾಗ ಆಕೆ ಕೇಳಿದಳು:

"ಹರಕಿ ಇತ್ತೇನ್ರಿ ಅಕ್ಕೋರ?"

"ಇಲ್ಲವ್ವಾ, ಸುಮ್ನ ಬಂದೀನಿ."

"ಸುಮ್ನ ಬರಾಕೂ ಪುಣ್ಯಾ ಮಾಡಿರಬೇಕ ಬಿಡ್ರಿ."

ಬಂಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದಾಗಲೂ ಆ ಮಾತು ಗಂಟಲಲ್ಲೇ ನಿಂತಿತ್ತು. ಕೆಳಗೆ ಎರೆಹೊಲಗಳು, ದೂರದಲ್ಲಿ ಕುರುಚಲು ಕಾಡು. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಈ ಸೀಮೆಯದೇ. 1974ರಲ್ಲಿ ಘೋಷಣೆಯಾದ ಅದರ ವಿಸ್ತಾರ 119 ಚದರ ಕಿಲೋಮೀಟರು. ನಮ್ಮಲ್ಲಿ ಒಂದು ಕಾಲಕ್ಕೆ ಬಯಲು ಹುಲ್ಲುಗಾವಲೆಂದರೆ ಉಪಯೋಗವಿಲ್ಲದ ನೆಲವೆಂಬ ತಿಳಿವಳಿಕೆ ಇತ್ತು. ಖಾಲಿ ಬಿದ್ದಿದೆಯಲ್ಲ ಎಂದು ನೀಲಗಿರಿ ನೆಟ್ಟರು. ಈ ಅಭಯಾರಣ್ಯದೊಳಗೂ ನೀಲಗಿರಿಯ ತೋಪುಗಳಿವೆ. ಆದರೆ ಎರೆಭೂತವೆಂಬ ದೊಡ್ಡ ಹಕ್ಕಿಗೆ ಬೇಕಾದುದು ಆ ಖಾಲಿ ಬಯಲೇ. ಅದು ನೆಲದ ಮೇಲೆ ಒಂದೇ ಮೊಟ್ಟೆಯಿಟ್ಟು, ದೂರದವರೆಗೆ ಕಣ್ಣು ಹಾಯಿಸಿ ಬದುಕುವ ಜೀವ. ಹಿಂದೆ ಇಲ್ಲಿಯೂ ಕಾಣುತ್ತಿದ್ದ ಆ ಹಕ್ಕಿ ಇಂದು ಕರ್ನಾಟಕದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿದೆ. ಅದು ಕಣ್ಮರೆಯಾದುದಕ್ಕೆ ಬೇಟೆ ಮೊದಲಾಗಿ ಕಾರಣಗಳು ಹಲವು. ಖಾಲಿ ಇದ್ದುದನ್ನೆಲ್ಲ ತುಂಬುವ ನಮ್ಮ ಚಪಲವೂ ಅವುಗಳಲ್ಲಿ ಒಂದು.

ನಮ್ಮ ಹಿರಿಯರು ಹೊಲವನ್ನು ಒಂದು ವರ್ಷ ಬೀಳು ಬಿಡುತ್ತಿದ್ದರು. ಬೀಳು ಬಿಡುವುದು ಸೋಮಾರಿತನವಾಗಿರಲಿಲ್ಲ. ಅದು ಭೂಮಿಗೆ ಕೊಡುವ ಉಸಿರು. ದಿನಗಳಿಗೂ ಈ ಮಾತು ಸಲ್ಲುತ್ತದೆ ಎನಿಸುತ್ತದೆ. ಮೂರು ದಶಕ ಗಂಟೆಯ ಸದ್ದಿಗೆ ಎದ್ದು ಕೂತ ನನಗೆ ಆ ಬಂಡೆಯ ಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಆದರೆ ಮುದುಕಿಯ ಮಾತಿಗೆ ಇದು ಉತ್ತರವಲ್ಲ. ಹತ್ತು ಎಕರೆ ಇದ್ದವನು ಎರಡು ಎಕರೆ ಬೀಳು ಬಿಟ್ಟಾನು, ಎರಡೇ ಎಕರೆಯವನು ಏನು ಮಾಡಬೇಕು? ಆಕೆ ಒಂದು ದಿನ ಕುಂಕುಮ-ಭಂಡಾರದ ಬುಟ್ಟಿ ಮುಚ್ಚಿದರೆ ಅಂದಿನ ಒಲೆಯೂ ಮುಚ್ಚಿದಂತೆಯೇ. ನಾನು ಗುಡ್ಡದಲ್ಲಿ ಬಿಚ್ಚಿದ ಬುತ್ತಿಯನ್ನೂ ಬೆಳಿಗ್ಗೆ ಐದಕ್ಕೆ ಎದ್ದು ಕಟ್ಟಿದವಳು ನನ್ನ ಸೊಸೆ. ಅಂದರೆ ನನ್ನ ಬಿಡುವು ಆಕಾಶದಿಂದ ಇಳಿದದ್ದಲ್ಲ, ಯಾರದೋ ದುಡಿಮೆಯ ಮೇಲೆ ಕುಳಿತದ್ದು. ಹಾಗೆಂದು ಬಿಡುವೇ ಪಾಪವೆಂದು ನಾನು ಒಪ್ಪಲಾರೆ. ನಾನು ಗುಡ್ಡಕ್ಕೆ ಹೋಗದಿದ್ದರೆ ಮುದುಕಿಯ ಬುಟ್ಟಿಯೇನೂ ಹಗುರಾಗುತ್ತಿರಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಬೀಳು ಬಿಡುವ ಸರದಿ ಎಲ್ಲರಿಗೂ ಬರುತ್ತದೆಯೇ, ಒಬ್ಬರ ಪಾಲಿನಲ್ಲೇ ನಿಲ್ಲುತ್ತದೆಯೇ?

ಊರಿನ ಸರದಿಯನ್ನು ನಾನೊಬ್ಬಳು ಸರಿಪಡಿಸಲಾರೆ. ಮನೆಯದನ್ನು ಮಾಡಬಹುದು. ಮುಂದಿನ ರವಿವಾರ ರೊಟ್ಟಿ ನಾನು ಬಡಿಯುತ್ತೇನೆಂದೆ. "ಎಲ್ಲಿಗೆ ಹೋಗಲಿ ಅತ್ತಿ?" ಎಂದು ಸೊಸೆ ಕೇಳಿದಳು. ಎಲ್ಲಿಗಾದರೂ ಎಂದೆ. ಕಾರಣವಿಲ್ಲದೆ ಹೊರಡುವುದು ಅವಳಿಗೂ ಅಷ್ಟು ಸುಲಭವಾಗಲಿಲ್ಲ. ಹತ್ತು ಗಂಟೆಯ ತನಕ ಅಂಗಳದಲ್ಲೇ ಸುಳಿದಾಡಿ, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಎಲ್ಲಿಗೆ ಹೋಗಿದ್ದೆಯೆಂದು ನಾನು ಈವರೆಗೂ ಕೇಳಿಲ್ಲ.