ಕಸುಬಿನ ಪಾಠ ಸೋತವರಿಗೆ ಮಾತ್ರವೇ?

ಮನೆಯಲ್ಲಿ ಕರೆಂಟ್ ಕೈಕೊಟ್ಟ ರಾತ್ರಿ ಎಲೆಕ್ಟ್ರಿಶಿಯನ್ ನಮಗೆ ಬಹಳ ದೊಡ್ಡ ಮನುಷ್ಯನಾಗಿ ಕಾಣುತ್ತಾನೆ. ಮೂರು ಮೂರು ಸಲ ಫೋನ್ ಮಾಡುತ್ತೇವೆ. ಬಂದವನಿಗೆ ಕುರ್ಚಿ ಕೊಡುತ್ತೇವೆ, ಚಹಾ ಕೊಡುತ್ತೇವೆ. ದೀಪ ಹತ್ತಿದ ಮೇಲೆ ಕೂಲಿಗಾಗಿ ಚೌಕಾಶಿ ಆರಂಭ. ಅದೇ ಮನೆಯಲ್ಲಿ ಒಂಬತ್ತನೇ ತರಗತಿಯ ಮಗ ‘ನಾನೂ ಈ ಕೆಲಸ ಕಲಿಯುತ್ತೇನೆ’ ಎಂದರೆ ನಮ್ಮ ಮುಖ ಸಪ್ಪಗಾಗುತ್ತದೆ. ‘ನಿನಗೇನು ಅಂಥ ಗತಿ ಬಂದಿದೆ?’ ಎಂದು ಗದರುತ್ತೇವೆ. ಆ ‘ಗತಿ’ ಎಂಬ ಮಾತಿನಲ್ಲಿಯೇ ನಮ್ಮ ರೋಗ ಅಡಗಿದೆ.

ಹೈಸ್ಕೂಲಿನಲ್ಲಿರುವಾಗಲೇ ಮಕ್ಕಳಿಗೆ ವಿದ್ಯುತ್ ಕೆಲಸದಂತಹ ಕಸುಬು ಕಲಿಸುವುದು ಸರಿಯೇ? ಇದನ್ನು ನಾವು ಉದ್ಯೋಗದ ಪ್ರಶ್ನೆಯೆಂದಷ್ಟೇ ನೋಡುತ್ತಾ ಬಂದಿದ್ದೇವೆ. ನಿಜದಲ್ಲಿ ಇದು ನ್ಯಾಯದ ಪ್ರಶ್ನೆ.

ಪ್ರಶ್ನೆ ಹೊಸತಲ್ಲ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದಾಗ, ಅಲ್ಲಿನ ನಿರ್ಣಯಗಳಿಗೆ ಪಠ್ಯಕ್ರಮದ ರೂಪ ಕೊಡುವ ಹೊಣೆ ಡಾ. ಝಾಕಿರ್ ಹುಸೇನ್ ಅವರ ಅಧ್ಯಕ್ಷತೆಯ ಸಮಿತಿಯ ಹೆಗಲಿಗೆ ಬಿತ್ತು. ಮುಂದೆ 1967ರಲ್ಲಿ ರಾಷ್ಟ್ರಪತಿಯಾದವರು ಇವರೇ. ಕೈಕೆಲಸ ಶಿಕ್ಷಣದ ಕೇಂದ್ರದಲ್ಲಿರಬೇಕು, ಅದು ಎಲ್ಲ ಮಕ್ಕಳಿಗೂ ಇರಬೇಕು ಎಂದ ಆ ಸಮಿತಿ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಸಂಪಾದನೆಯ ಗುರಿ ಕಲಿಕೆಯ ಗುರಿಯನ್ನು ನುಂಗಬಾರದು. 1964-66ರ ಕೊಠಾರಿ ಆಯೋಗವೂ ಶಾಲೆಯಲ್ಲಿ ದುಡಿಮೆಯ ಅನುಭವ ಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕು ಎಂದು ಬರೆದುಕೊಂಡಿತ್ತು. ಕಾಗದದ ಮೇಲೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ನಮ್ಮ ಮನಸ್ಸಿನಲ್ಲಿ.

ಆದರೆ ತಕರಾರು ಎತ್ತುವವರೆಲ್ಲ ಅಂತಸ್ತಿನ ಅಹಂಕಾರದವರಲ್ಲ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಮಕ್ಕಳಿಗೆ ಅರ್ಧ ಹೊತ್ತು ಶಾಲೆ, ಉಳಿದ ಹೊತ್ತು ತಂದೆತಾಯಿಯ ಕಸುಬು ಎಂಬ ಯೋಜನೆ ತಂದರು. ನಮ್ಮ ದಕ್ಷಿಣ ಕನ್ನಡವೂ ಆಗ ಅದೇ ರಾಜ್ಯದಲ್ಲಿತ್ತು. ಇದು ಅಗಸನ ಮಗನನ್ನು ಅಗಸನನ್ನಾಗಿಯೇ ಉಳಿಸುವ ಹುನ್ನಾರವೆಂದು ಜನ ಸಿಡಿದೆದ್ದರು. 1954ರಲ್ಲಿ ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು. ಆ ಜನರ ಭಯ ಸುಳ್ಳಾಗಿರಲಿಲ್ಲ. ಕಸುಬನ್ನು ಹುಟ್ಟಿಗೆ ಕಟ್ಟಿಹಾಕಿದ ದೇಶದಲ್ಲಿ ‘ಕೈಕೆಲಸ ಕಲಿಯಿರಿ’ ಎಂಬ ಉಪದೇಶ ಯಾರ ಬಾಯಿಂದ ಬರುತ್ತದೆ, ಯಾರ ಮಕ್ಕಳಿಗೆ ಬರುತ್ತದೆ ಎಂದು ಕೇಳಲೇಬೇಕು. ಉಪದೇಶಿಸುವವರ ಮಕ್ಕಳು ಇಂಜಿನಿಯರಿಂಗ್ ಕೋಚಿಂಗಿಗೆ, ಕೇಳುವವರ ಮಕ್ಕಳು ಇಕ್ಕಳ ಹಿಡಿಯಲಿಕ್ಕೆ ಎಂದಾದರೆ ಅದು ಶಿಕ್ಷಣವಲ್ಲ, ಜರಡಿ ಹಿಡಿಯುವುದು.

ಹಾಗೆಂದು ಶಾಲೆ ಕಸುಬನ್ನು ಹೊರಗಿಟ್ಟರೆ ಬಡವರ ಮಗ ಬಚಾವಾಗುತ್ತಾನೆಯೇ? ಇಲ್ಲ. ಅವನು ಒಂಬತ್ತಕ್ಕೆ ಶಾಲೆ ಬಿಟ್ಟು ಮೇಸ್ತ್ರಿಯ ಹಿಂದೆ ಹೋಗುತ್ತಾನೆ. ಗೋಡೆ ಕೊರೆಯುತ್ತಾನೆ, ಪೈಪ್ ಹೊರುತ್ತಾನೆ, ಏಣಿ ಹಿಡಿಯುತ್ತಾನೆ. ಕೆಲವು ವರ್ಷಗಳಲ್ಲಿ ಕೈ ಪಳಗುತ್ತದೆ, ಆದರೆ ಏಕೆ ಹಾಗೆ ಮಾಡಬೇಕೆಂದು ಹೇಳಿಕೊಟ್ಟವರಿಲ್ಲ. ವಿದ್ಯುತ್ ಪರಿವೀಕ್ಷಣಾಲಯದ ವಯರ್‌ಮನ್ ಪರ್ಮಿಟ್ ಇಲ್ಲ, ತೋರಿಸಲು ಪ್ರಮಾಣಪತ್ರವಿಲ್ಲ. ಇಲ್ಲಿಯೂ ಹೆಲ್ಪರ್, ಗಲ್ಫಿಗೆ ಹೋದರೂ ಹೆಲ್ಪರ್. ಹೀಗೆ ಕರಾವಳಿಯಿಂದ ವಿಮಾನ ಹತ್ತಿದವರು ನಮ್ಮ ನೆರೆಕೆರೆಯಲ್ಲೇ ಇದ್ದಾರೆ.

ಇತ್ತ ತರಗತಿಯಲ್ಲಿ ಉಳಿದವನ ಕತೆ ಬೇರೆ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಓಮ್‌ನ ನಿಯಮ ಬರೆದು ಪೂರ್ಣ ಅಂಕ ಪಡೆಯುತ್ತಾನೆ. ಮನೆಗೆ ಬಂದು 2000 ವಾಟ್‌ನ ಗೀಸರನ್ನು ಫ್ಯಾನಿನ ಪಕ್ಕದ ಸಣ್ಣ ಸಾಕೆಟ್ಟಿಗೆ ಚುಚ್ಚುತ್ತಾನೆ. 230 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 8.7 ಆಂಪಿಯರ್, ಆ ಸಾಕೆಟ್ ಇರುವುದು 6 ಆಂಪಿಯರಿಗೆ. ಲೆಕ್ಕ ಅವನ ಪುಸ್ತಕದಲ್ಲೇ ಇತ್ತು, ಸಾಕೆಟ್ ಕರಗಿದಾಗಲೂ ಅಲ್ಲೇ ಇತ್ತು. ಒಬ್ಬನಿಗೆ ಕೈ ಇದೆ, ಲೆಕ್ಕವಿಲ್ಲ. ಇನ್ನೊಬ್ಬನಿಗೆ ಲೆಕ್ಕವಿದೆ, ಕೈ ಇಲ್ಲ. ಇಬ್ಬರಿಗೂ ನಾವು ಅನ್ಯಾಯ ಮಾಡಿದ್ದೇವೆ.

ಈ ಕಸುಬಿನಲ್ಲಿ ಇನ್ನೊಂದು ಪಾಠವಿದೆ. ಗೋಡೆಯೊಳಗೆ ಹಾಯುವ ಹಸಿರು ತಂತಿ, ಅಂದರೆ ಅರ್ಥಿಂಗ್, ಹಾಕದಿದ್ದರೂ ದೀಪ ಉರಿಯುತ್ತದೆ, ಗ್ರೈಂಡರ್ ತಿರುಗುತ್ತದೆ. ಮನೆಯೊಡೆಯನಿಗೆ ಗೊತ್ತೇ ಆಗುವುದಿಲ್ಲ, ತಂತಿಯ ಹಣ ಉಳಿಯುತ್ತದೆ. ಎಂದೋ ಒಂದು ದಿನ ಒಳಗಿನ ಕವಚ ಸವೆದು ಗ್ರೈಂಡರಿನ ಲೋಹದ ಮೈಗೆ ಕರೆಂಟ್ ಹರಿಯುತ್ತದೆ. ಹಸಿರು ತಂತಿ ಇದ್ದರೆ ಅದು ನೆಲಕ್ಕಿಳಿದು ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಒದ್ದೆ ಕೈಯಲ್ಲಿ ಮುಟ್ಟಿದ ತಾಯಿಯ ದೇಹವೇ ದಾರಿಯಾಗುತ್ತದೆ. ಯಾರೂ ನೋಡದಿದ್ದಾಗ ಸರಿಯಾಗಿ ಮಾಡುವುದೇ ಪ್ರಾಮಾಣಿಕತೆ ಎಂದು ನಾವು ಎಷ್ಟೋ ನೀತಿಪಾಠಗಳಲ್ಲಿ ಹೇಳಿದ್ದೇವೆ. ಗಾರೆ ಮೆತ್ತುವ ಮುನ್ನ ಆ ತಂತಿಯನ್ನು ತನ್ನ ಕೈಯಾರೆ ಎಳೆದ ಹುಡುಗನಿಗೆ ಅದನ್ನು ಬಾಯಲ್ಲಿ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಉತ್ತರ ಹೌದು, ಆದರೆ ಕೆಲವು ಶರತ್ತುಗಳೊಂದಿಗೆ. ಮೊದಲನೆಯದು, ಕಲಿಸುವುದಾದರೆ ಎಲ್ಲರಿಗೂ ಕಲಿಸಬೇಕು. ಕಡಿಮೆ ಅಂಕದವರನ್ನು ಅತ್ತ ದೂಡಬಾರದು, ಹೆಣ್ಣುಮಕ್ಕಳನ್ನು ಹೊರಗಿಡಬಾರದು. ಎರಡನೆಯದು, ಮುಂದಿನ ಬಾಗಿಲು ತೆರೆದಿರಬೇಕು. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಐಟಿಐ ಎಲೆಕ್ಟ್ರಿಶಿಯನ್, ಅಲ್ಲಿಂದ ನೇರ ಡಿಪ್ಲೊಮಾದ ಎರಡನೇ ವರ್ಷ, ಡಿಪ್ಲೊಮಾದಿಂದ ಇಂಜಿನಿಯರಿಂಗಿನ ಎರಡನೇ ವರ್ಷ ಎಂಬ ದಾರಿ ಈಗಲೂ ಇದೆ. ಅದನ್ನು ಮಕ್ಕಳಿಗೂ ಹೆತ್ತವರಿಗೂ ಶಾಲೆಯೇ ತಿಳಿಸಬೇಕು. ಮೂರನೆಯದು, ಕಲಿಕೆಯ ಹೆಸರಿನಲ್ಲಿ ಮಗುವನ್ನು ದುಡಿಸಬಾರದು, ಜೀವಂತ ತಂತಿಯ ಬಳಿ ಬಿಡಬಾರದು. ಮೇನ್ ಸ್ವಿಚ್ ಆಫ್ ಮಾಡುವುದು, ಆಮೇಲೂ ಟೆಸ್ಟರ್ ಇಟ್ಟು ನೋಡುವುದು ಈ ವಿದ್ಯೆಯ ಓಂಕಾರ, ಅಲಿಫ್ ಎಲ್ಲವೂ.

ಇಷ್ಟು ಮಾಡಲು ಸರಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಊರೂರಲ್ಲಿ ಶಾಲೆ ನಡೆಸುವ ಆಡಳಿತ ಮಂಡಳಿಗಳು ನಮ್ಮಲ್ಲಿವೆ. ಒಂದು ಕೋಣೆ, ಕೆಲವು ಮರದ ಬೋರ್ಡ್‌ಗಳು, ಪರ್ಮಿಟ್ ಇರುವ ಒಬ್ಬ ಅನುಭವಿ ಕೆಲಸಗಾರ ಸಾಕು ಆರಂಭಕ್ಕೆ. ಆ ಕೆಲಸಗಾರನನ್ನು ಮಕ್ಕಳು ‘ಸರ್’ ಎಂದು ಕರೆಯಬೇಕು. ಅವನ ತರಗತಿಗೆ ವೈದ್ಯರ ಮಗಳೂ ರಿಕ್ಷಾ ಚಾಲಕರ ಮಗನೂ ಒಂದೇ ಬೆಂಚಿನಲ್ಲಿ ಕೂರಬೇಕು. ಅವಳು ಮುಂದೆ ವೈದ್ಯಳೇ ಆಗಲಿ, ಅವನು ಇಂಜಿನಿಯರೇ ಆಗಲಿ. ದೀಪ ಹತ್ತಿಸಿದವನೊಡನೆ ಬಾಗಿಲಲ್ಲಿ ನಿಂತು ಚೌಕಾಶಿ ಮಾಡಲು ಅವರಿಬ್ಬರಿಗೂ ನಾಚಿಕೆಯಾದೀತು.