ಅಳಿಸುವುದೂ ತಿದ್ದುವುದೂ

ಮನುಷ್ಯನು ಕೈಯಿಂದ ಮಾಡುವ ಕೆಲಸಗಳಲ್ಲೆಲ್ಲ ತಪ್ಪಿಗೆ ಒಂದು ಸ್ಥಾನವುಂಟು. ಆದರೆ ಎಲ್ಲ ಕೆಲಸಗಳೂ ತಪ್ಪನ್ನು ಒಂದೇ ಬಗೆಯಾಗಿ ನಡೆಸಿಕೊಳ್ಳುವುದಿಲ್ಲ. ಕುಂಬಾರನ ಹಸಿಮಣ್ಣು ತಪ್ಪನ್ನು ನುಂಗಿಕೊಂಡು ಮರಳಿ ಮುದ್ದೆಯಾಗುತ್ತದೆ. ಅಕ್ಕಸಾಲಿಗನು ಕೆಟ್ಟ ಒಡವೆಯನ್ನು ಕರಗಿಸಿ ಇನ್ನೊಮ್ಮೆ ಎರಕ ಹೊಯ್ಯಬಲ್ಲನು. ಅವನಿಗೆ ಆಗುವ ನಷ್ಟ ಕೂಲಿ ಮತ್ತು ತುಸು ಸವಕಳಿ ಮಾತ್ರ. ಬಡಗಿಗೆ ಅಷ್ಟು ಸಡಿಲಿಕೆ ಇಲ್ಲ. ಕಲ್ಲುಕುಟಿಗನಿಗಂತೂ ಸ್ವಲ್ಪವೂ ಇಲ್ಲ. ಉಳಿಯ ಏಟಿಗೆ ಹಾರಿದ ಚಕ್ಕೆ ಹಾರಿದಂತೆಯೇ ಸರಿ. ಹೀಗಿರಲು, ಈ ಕಾಲದಲ್ಲಿ ಹುಟ್ಟಿಕೊಂಡ ಒಂದು ಹೊಸ ಶಿಲ್ಪವಿದ್ಯೆಯಲ್ಲಿ ತಪ್ಪಿಗೆ ಬೆಲೆಯೇ ಇಲ್ಲದಂತಾಗಿದೆ. ಎರಡು ಕೀಲಿಗಳನ್ನು ಒತ್ತಿದರೆ ಮಾಡಿದ ಕೆಲಸವು ಮಾಡದಂತಾಗುತ್ತದೆ. ಬೆಲೆ ತೆರಬೇಕಾಗಿಲ್ಲದ ತಪ್ಪು ತಪ್ಪೆನಿಸುವುದೆ? ಗುರುತೇ ಉಳಿಯದ ಕೃತ್ಯಕ್ಕೆ ಕರ್ತೃವು ಹೊಣೆಯಾಗುವನೆ? ಇದು ಶಿಲ್ಪಿಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಲ್ಲ. ಆದರೂ ಶಿಲ್ಪದ ಮುಖದಿಂದಲೇ ಇದನ್ನು ವಿಚಾರಿಸುವುದು ಸುಲಭ.

ಗಣಕಯಂತ್ರದೊಳಗೆ ಮನುಷ್ಯನ ತಲೆಯನ್ನು ಕಡೆಯುವ ವಿದ್ಯೆ ಇದು. ಇದರಲ್ಲಿ ಮಣ್ಣಿಲ್ಲ, ಕಲ್ಲಿಲ್ಲ. ತೆರೆಯ ಮೇಲೆ ಒಂದು ಚೆಂಡು ತೋರುತ್ತದೆ. ಆ ಚೆಂಡಿನ ಮೈಯೆಲ್ಲ ಸಣ್ಣ ಚೌಕಗಳ ಬಲೆ. ಕಲಿಯುವವನು ಲೇಖನಿಯಂಥ ಸಾಧನದಿಂದ ಆ ಬಲೆಯನ್ನು ಎಳೆದು, ಒತ್ತಿ, ಉಬ್ಬಿಸಿ, ನಯಗೊಳಿಸಿ ತಲೆಯ ಆಕಾರಕ್ಕೆ ತರುತ್ತಾನೆ. ಪ್ರತಿ ಚೌಕವನ್ನೂ ನಾಲ್ಕಾಗಿ ಒಡೆಯಬಹುದು. ಆರು ಮುಖಗಳ ಒಂದು ಘನಾಕೃತಿಯು ಒಂದು ಸಲ ಒಡೆದರೆ 24 ಚೌಕಗಳಾಗುತ್ತದೆ, ಎರಡನೆಯ ಸಲಕ್ಕೆ 96, ಐದನೆಯ ಸಲಕ್ಕೆ 6,144, ಎಂಟನೆಯ ಸಲಕ್ಕೆ 3,93,216. ಚೌಕಗಳು ಹೆಚ್ಚಿದಷ್ಟೂ ಸೂಕ್ಷ್ಮವಾದ ಗೆರೆಗಳು ಮೂಡುತ್ತವೆ. 1999ರಲ್ಲಿ ಬೆಳಕಿಗೆ ಬಂದ ಜೀಬ್ರಷ್ ಎಂಬ ತಂತ್ರಾಂಶವು ಈ ವಿದ್ಯೆಯನ್ನು ಲೋಕಪ್ರಸಿದ್ಧಗೊಳಿಸಿತು. ಬ್ಲೆಂಡರ್ ಎಂಬ ಇನ್ನೊಂದರ ಕಥೆ ಹೆಚ್ಚು ಮನೋಜ್ಞವಾದುದು. ನೆದರ್ಲೆಂಡ್ಸ್ ದೇಶದ ಟೋನ್ ರೋಸೆಂಡಾಲ್ ಎಂಬವರು ಇದರ ನಿರ್ಮಾಪಕರು. ಅದನ್ನು ಮಾರುತ್ತಿದ್ದ ಸಂಸ್ಥೆಯು ಮುಚ್ಚಿದಾಗ, ಬಳಕೆದಾರರೇ ವರ್ಗಣಿ ಕೂಡಿಸಿ, ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ತೆತ್ತು, 2002ರಲ್ಲಿ ಅದನ್ನು ಸರ್ವರಿಗೂ ಮುಕ್ತವಾಗಿಸಿದರು. ಊರವರೆಲ್ಲ ಕೂಡಿ ಕೆರೆ ಕಟ್ಟಿಸಿದಂಥದೇ ಈ ಕಾರ್ಯ. ಆ ಕಾರಣದಿಂದ ಈಗ ಮಿರಜ ತಾಲೂಕಿನ ಕವಲಾಪುರದಂಥ ಗ್ರಾಮದಲ್ಲಿ ಕುಳಿತ ತರುಣನಿಗೂ ಕವಡೆ ಕಾಸಿಲ್ಲದೆ ಶಿಲ್ಪಶಾಲೆಯು ದೊರೆಯುತ್ತದೆ.

ಶಾಲೆ ದೊರೆತರೂ ವಿದ್ಯೆ ದೊರೆತಂತಾಗಲಿಲ್ಲ. ಹೊಸಬನು ಮಾಡಿದ ಮೊದಲ ತಲೆಯನ್ನು ನೋಡಿರಿ. ಕಣ್ಣುಗಳು ಮೇಲೇರಿ ಹಣೆಯಲ್ಲಿ ನಿಂತಿರುತ್ತವೆ. ಹಿಂದಲೆ ಇಲ್ಲವೆಂಬಷ್ಟು ಚಪ್ಪಟೆ. ಕಿವಿಗಳು ಕೆನ್ನೆಯ ಮೇಲೆ ಸರಿದು ಬಂದಿರುತ್ತವೆ. ನಿಜವಾಗಿ ನೋಡಿದರೆ ಪ್ರಾಯಕ್ಕೆ ಬಂದ ಮನುಷ್ಯನ ಕಣ್ಣುಗಳು ನೆತ್ತಿಯಿಂದ ಗದ್ದದವರೆಗಿನ ಉದ್ದದ ನಡುಮಧ್ಯದಲ್ಲಿವೆ. ಇದನ್ನು ಯಾರಾದರೂ ಒಂದು ನೂಲು ಹಿಡಿದು ಅಳೆಯಬಹುದು. ಜೀವಮಾನವಿಡೀ ಮುಖಗಳನ್ನು ಕಂಡವನಿಗೂ ಇದು ತಿಳಿದಿರುವುದಿಲ್ಲ. ಏಕೆಂದರೆ ಮನುಷ್ಯನು ಮುಖದಲ್ಲಿ ತನ್ನೊಡನೆ ಮಾತನಾಡುವ ಭಾಗವನ್ನು ಮಾತ್ರ ನೋಡುತ್ತಾನೆ. ಕಣ್ಣು, ಮೂಗು, ಬಾಯಿ ಅವನಿಗೆ ಬೇಕು. ಅವುಗಳನ್ನು ಹೊತ್ತು ನಿಂತ ಬುರುಡೆ ಅವನಿಗೆ ಬೇಡ. ಬೇಕಾದುದು ಅವನ ಕೈಯಲ್ಲಿ ದೊಡ್ಡದಾಗುತ್ತದೆ, ಬೇಡವಾದುದು ಕಿರಿದಾಗುತ್ತದೆ. ತಪ್ಪು ಕೈಯಲ್ಲಿ ಕಾಣಿಸಿಕೊಂಡರೂ ಅದರ ಬೇರು ನೋಟದಲ್ಲಿದೆ.

ಇಂಥವನಿಗೆ ಅಳಿಸುವ ಕೀಲಿಯು ಏನು ಉಪಕಾರ ಮಾಡೀತು? ಕಣ್ಣು ಸರಿಯಾಗಲಿಲ್ಲವೆಂದು ಅವನಿಗೆ ತೋರುತ್ತದೆ. ಕೀಲಿಯನ್ನು ಒತ್ತಿ ಅಳಿಸುತ್ತಾನೆ. ಮರಳಿ ಮಾಡುತ್ತಾನೆ. ಅದೇ ನೋಟದಿಂದ ಮಾಡುವವನಾದ್ದರಿಂದ ಅದೇ ಎತ್ತರದಲ್ಲಿಯೇ ಮಾಡುತ್ತಾನೆ. ಹತ್ತು ಸಲ ಅಳಿಸಿ ಹತ್ತು ಸಲ ಮಾಡಿದರೂ ಕಣ್ಣು ಹಣೆಯನ್ನು ಬಿಟ್ಟು ಇಳಿಯುವುದಿಲ್ಲ. ಅಳಿಸುವುದೆಂದರೆ ತಪ್ಪು ಮಾಡುವುದಕ್ಕೆ ಮುಂಚಿನ ಗಳಿಗೆಗೆ ಹಿಂದಿರುಗುವುದು. ಆ ಗಳಿಗೆಯಲ್ಲಿ ನಿಂತಿರುವವನು ತಪ್ಪು ಮಾಡಲಿದ್ದ ಮನುಷ್ಯನೇ. ತಿದ್ದುವುದಾದರೋ ಬೇರೆ. ತಪ್ಪನ್ನು ಎದುರಿಗಿಟ್ಟುಕೊಂಡು, ಇದು ಏಕೆ ಹೀಗಾಯಿತೆಂದು ಕೇಳಿ, ಉತ್ತರ ಬಂದ ಮೇಲೆ ಮುಂದಿನ ಹೆಜ್ಜೆ ಇಡುವುದೇ ತಿದ್ದುವುದು. ಅಳಿಸಿದಾಗ ಬದಲಾಗುವುದು ಕೃತಿ ಮಾತ್ರ. ತಿದ್ದಿದಾಗ ಕರ್ತೃವೂ ಬದಲಾಗಿರುತ್ತಾನೆ.

ಹಿಂದಿನ ಶಿಲ್ಪಿಗಳು ಈ ವಿವೇಕವನ್ನು ಶಾಸ್ತ್ರವಾಗಿ ಕಟ್ಟಿಟ್ಟರು. ತಾಲಮಾನದಲ್ಲಿ ಮುಖದ ಉದ್ದವೇ ಒಂದು ತಾಲ; ಅದು 12 ಅಂಗುಲ. ಅದನ್ನು ನಾಲ್ಕು ನಾಲ್ಕು ಅಂಗುಲಗಳ ಮೂರು ಭಾಗ ಮಾಡಿ, ಹಣೆಗೆ ಒಂದು, ಮೂಗಿಗೆ ಒಂದು, ಮೂಗಿನ ಕೆಳಗಿನಿಂದ ಗದ್ದದವರೆಗೆ ಒಂದು ಎಂದು ಹಂಚಿದರು. ಇದನ್ನು ಬರಿಯ ಕಟ್ಟಳೆಯೆಂದು ತಿಳಿಯುವುದು ಸರಿಯಲ್ಲ. ಕಣ್ಣು ಮೇಲೇರಿದ, ಗದ್ದ ಕುಗ್ಗಿದ ಎಷ್ಟೋ ವಿಗ್ರಹಗಳನ್ನು ಕಂಡು, ಕಾರಣವನ್ನು ಶೋಧಿಸಿ, ಮುಂದಿನವರು ಎಡವದಿರಲೆಂದು ಬಿಟ್ಟುಹೋದ ಲೆಕ್ಕವದು. ಇಂದಿನ ವೈದ್ಯವಿದ್ಯೆಯು ತಲೆಬುರುಡೆಯಲ್ಲಿ 22 ಎಲುಬುಗಳಿವೆಯೆಂದೂ ಅವುಗಳಲ್ಲಿ 8 ಮೆದುಳಿನ ಕವಚಕ್ಕೆ, 14 ಮುಖಕ್ಕೆ ಸೇರಿದವೆಂದೂ ಎಣಿಸಿ ಹೇಳುತ್ತದೆ. ಯಂತ್ರದಲ್ಲಿ ತಲೆ ಕಡೆಯಲು ಹೊರಟವನಿಗೆ ಈ ಎರಡು ಲೆಕ್ಕಗಳೂ ಬೇಕು. ಅವನು ಮೊದಲು ಕೆಲವೇ ಚೌಕಗಳಿರುವಾಗ ಬುರುಡೆಯ ಗಾತ್ರ, ದವಡೆಯ ಓಟ, ಕಣ್ಣಿನ ಕುಳಿಗಳನ್ನು ನಿಲ್ಲಿಸಬೇಕು. ಹೊಸಬನು ಹೀಗೆ ಮಾಡದೆ ಮೊದಲ ದಿನವೇ ಲಕ್ಷಗಟ್ಟಲೆ ಚೌಕಗಳಾಗಿ ಒಡೆದು ತುಟಿಯ ಸುಕ್ಕನ್ನೂ ಚರ್ಮದ ರಂಧ್ರಗಳನ್ನೂ ಬಿಡಿಸತೊಡಗುತ್ತಾನೆ. ತಳಪಾಯವಿಲ್ಲದೆ ಕಳಸವಿಟ್ಟಂತೆ ಆಗುತ್ತದೆ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯವನ್ನು ಬಲ್ಲವರು ಇಲ್ಲಿ ಜಕಣಾಚಾರಿಯನ್ನು ನೆನೆಯದಿರಲಾರರು. ಇತಿಹಾಸದ ಸಾಕ್ಷ್ಯ ಏನೇ ಇರಲಿ, ಜನರ ಬಾಯಲ್ಲಿ ಆ ಕಥೆ ಬಾಳಿ ಬಂದಿದೆ. ವಿಗ್ರಹದಲ್ಲಿ ದೋಷವಿದೆಯೆಂದು ಅಪರಿಚಿತ ಬಾಲಕನೊಬ್ಬನು ಹೇಳಿದನು. ದೋಷವಿದ್ದರೆ ಬಲಗೈಯನ್ನು ಕಡಿದುಕೊಳ್ಳುವೆನೆಂದು ಜಕಣಾಚಾರಿ ಪಣತೊಟ್ಟನು. ಗಂಧವನ್ನು ಪೂಸಿದಾಗ ಮೈಯೆಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಅಲ್ಲಿ ಉಳಿಯಿಡಲು ಕಪ್ಪೆಯೊಂದು ಹೊರಬಿತ್ತು. ಶಿಲ್ಪಿಯು ನುಡಿದಂತೆ ನಡೆದನು. ಆ ಬಾಲಕನು ತನ್ನ ಮಗನಾದ ಡಂಕಣನೆಂಬುದು ಬಳಿಕ ತಿಳಿಯಿತು. ಕೊನೆಗೆ ಕೈದಾಳದಲ್ಲಿ ಕೇಶವನ ಗುಡಿಯನ್ನು ಕಟ್ಟಿದಾಗ ಕೈ ಮರಳಿ ಬಂದಿತೆನ್ನುತ್ತಾರೆ. ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಪ್ಪೆಯು ಕಲ್ಲಿನೊಳಗೆ ಇದ್ದುದು, ಕೆತ್ತನೆಯಲ್ಲಿ ಲೋಪವಿರಲಿಲ್ಲ. ಆದರೂ ಕಲ್ಲನ್ನು ಆರಿಸಿದವನು ತಾನೆಂದು ಜಕಣಾಚಾರಿ ಹೊಣೆ ಹೊತ್ತನು. ಮಾಡಿದ್ದನ್ನು ಮಾಡದಂತೆ ಮಾಡುವ ಕೀಲಿ ಅವನ ಕೈಯಲ್ಲಿ ಇರಲಿಲ್ಲ. ಕೈ ಬಂದುದು ಹಿಂದಿನ ವಿಗ್ರಹ ಅಳಿದುದರಿಂದಲ್ಲ, ಮುಂದೆ ಇನ್ನೊಂದು ಗುಡಿ ಎದ್ದುದರಿಂದ.

ಹಾಗಾದರೆ ತಪ್ಪಿಗೆ ಕೈಯೇ ಬೆಲೆಯಾಗಬೇಕೆ? ಇಲ್ಲಿ ಒಂದು ಆಕ್ಷೇಪವು ಏಳುತ್ತದೆ, ಅದು ನ್ಯಾಯವಾದುದು. ಕೆಡಿಸಿಬಿಟ್ಟೇನೆಂಬ ಭಯದಿಂದಲೇ ಎಷ್ಟೋ ಮಂದಿ ಉಳಿಯನ್ನು ಮುಟ್ಟದೆ ಉಳಿದರು. ಕಲ್ಲು ಕೊಳ್ಳುವ ಶಕ್ತಿಯುಳ್ಳವನಿಗೂ ಕಸುಬಿನ ಮನೆತನದಲ್ಲಿ ಹುಟ್ಟಿದವನಿಗೂ ಮಾತ್ರ ಆ ವಿದ್ಯೆ ಮೀಸಲಾಯಿತು. ತಪ್ಪು ಅಗ್ಗವಾದಾಗ ಕಲಿಯುವ ಬಾಗಿಲು ಬಡವನಿಗೂ ತೆರೆಯಿತು. ಶಿಲ್ಪಿಗಳು ಕೂಡ ಕಲ್ಲಿಗೆ ಕೈಹಾಕುವ ಮುನ್ನ ಮಣ್ಣಿನಲ್ಲಿ ಮಾದರಿ ಮಾಡಿಕೊಳ್ಳುವುದುಂಟು, ಅದೂ ಅಳಿಸಬಹುದಾದುದೇ. ಆದುದರಿಂದ ಅಳಿಸುವ ಕೀಲಿಯನ್ನು ಶಪಿಸುವುದು ಅವಿವೇಕ. ಅದು ಕ್ಷಮೆಯಂಥದು. ಕ್ಷಮೆಯಿಲ್ಲದ ಮನೆಯಲ್ಲಿ ಮಕ್ಕಳು ನಡೆಯಲು ಕಲಿಯಲಾರವು. ಆದರೆ ಕ್ಷಮೆಯು ದಂಡನೆಯನ್ನು ತಪ್ಪಿಸುತ್ತದೆಯೇ ಹೊರತು ವಿಚಾರದ ಹೊರೆಯನ್ನು ತಪ್ಪಿಸುವುದಿಲ್ಲ. ದಂಡದ ಭಯವಿಲ್ಲದಿರುವಾಗ ವಿಚಾರವನ್ನು ತಾನಾಗಿಯೇ ಮಾಡಬೇಕಾಗುತ್ತದೆ. ಅದರಿಂದ ಹೊಸ ವಿದ್ಯೆಯು ಹಳೆಯದಕ್ಕಿಂತ ಸುಲಭವಾದಂತೆ ತೋರಿದರೂ ಒಂದು ವಿಷಯದಲ್ಲಿ ಕಠಿಣವಾದುದು.

ಯಂತ್ರದ ಕ್ಷಮೆಗೂ ಎಣಿಕೆಯುಂಟೆಂಬುದನ್ನು ಮರೆಯಬಾರದು. ಬ್ಲೆಂಡರಿನಲ್ಲಿ ಮೊದಲಿಗೆ ಗೊತ್ತುಮಾಡಿಟ್ಟಂತೆ 32 ಹೆಜ್ಜೆಗಳವರೆಗೆ ಹಿಂದೆ ಹೋಗಬಹುದು. ಬೇಕೆಂದರೆ ಅದನ್ನು 256ರವರೆಗೆ ಹೆಚ್ಚಿಸಿಕೊಳ್ಳಬಹುದು. ಅದರಾಚೆಯದು ಹೋದಂತೆಯೇ. ಯಂತ್ರವನ್ನು ಮುಚ್ಚಿ ಮರುದಿನ ತೆರೆದರೆ ಹಿಂದಿನ ದಿನದ ಹೆಜ್ಜೆಗಳು ಒಂದೂ ಇರುವುದಿಲ್ಲ. ಕೀರ್ದಿ ಖತಾವಣಿಗಳನ್ನು ಬರೆಯುವವರು ಇದಕ್ಕೆ ವಿರುದ್ಧವಾದ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಅಲ್ಲಿ ತಪ್ಪಿದ ಅಂಕೆಯನ್ನು ಕೆರೆಯಬಾರದು, ಅಳಿಸಬಾರದು. ಅದು ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಬದಿಯಲ್ಲಿ ರುಜು ಮಾಡಬೇಕು. ತಪ್ಪೂ ಉಳಿಯಿತು, ತಿದ್ದುಪಡಿಯೂ ಉಳಿಯಿತು, ತಿದ್ದಿದವನಾರೆಂಬುದೂ ಉಳಿಯಿತು. ತಲೆ ಕಡೆಯಲು ಕಲಿಯುವವನು ಈ ಪದ್ಧತಿಯನ್ನು ಅನುಸರಿಸಿದರೆ ಕೆಡುವುದೇನೂ ಇಲ್ಲ. ಕೆಟ್ಟ ತಲೆಯನ್ನು ಅಳಿಸದೆ, ತಾರೀಖು ಹಾಕಿ ಬೇರೆ ಕಡೆ ಇರಿಸಿ, ಹೊಸದನ್ನು ಹೊಸ ಚೆಂಡಿನಿಂದ ತೊಡಗಲಿ. ತಿಂಗಳ ಕೊನೆಗೆ ಹತ್ತು ತಲೆಗಳನ್ನು ಸಾಲಾಗಿ ಇಟ್ಟರೆ ಯಾವ ತಪ್ಪು ಹೋಯಿತು, ಯಾವುದು ಹತ್ತರಲ್ಲಿಯೂ ಉಳಿಯಿತು ಎಂಬುದು ಗುರುವಿಲ್ಲದೆಯೇ ತಿಳಿಯುತ್ತದೆ.

ಇನ್ನೊಂದು ಪ್ರಲೋಭನೆಯೂ ಈ ವಿದ್ಯೆಯಲ್ಲಿದೆ. ಎಡಗೆನ್ನೆಯನ್ನು ಮಾಡಿದರೆ ಬಲಗೆನ್ನೆ ತಾನಾಗಿ ಆಗುವಂತೆ, ಕನ್ನಡಿಯಂಥ ಏರ್ಪಾಡನ್ನು ಯಂತ್ರವು ಒದಗಿಸುತ್ತದೆ. ಆರಂಭಕ್ಕೆ ಇದು ಅನುಕೂಲವೇ. ಆದರೆ ಎಡಗಡೆಯ ತಪ್ಪು ಬಲಗಡೆಯೂ ಅಷ್ಟೇ ಅಳತೆಯಲ್ಲಿ ಬೀಳುತ್ತದೆ. ಎರಡೂ ಕಡೆ ಸಮನಾಗಿ ಬಿದ್ದ ತಪ್ಪು ತಪ್ಪೆಂದು ಕಾಣುವುದೇ ಇಲ್ಲ. ಜಮಾ ಖರ್ಚುಗಳೆರಡರಲ್ಲಿಯೂ ಒಂದೇ ತಪ್ಪು ಮೊತ್ತ ಬರೆದರೆ ತಾಳೆಯೇನೋ ಬರುತ್ತದೆ, ಲೆಕ್ಕ ಸರಿಯಾಗುವುದಿಲ್ಲ. ನಿಜವಾದ ಮುಖದಲ್ಲಿ ಒಂದು ಹುಬ್ಬು ತುಸು ಮೇಲು, ಒಂದು ತುಟಿಯ ಕೊನೆ ತುಸು ಕೆಳಗು. ಕವಲಾಪುರದವರೇ ಆದ ಅವಳಿ ಸೋದರರು ಕಾಳೂ–ಬಾಳೂ ಎಂಬ ಹೆಸರಿನಿಂದ ತಮಾಶಾ ರಂಗದಲ್ಲಿ ಮಹಾರಾಷ್ಟ್ರದಾದ್ಯಂತ ಖ್ಯಾತರಾದರು. ರಂಗದ ಮೇಲಣ ಅವಳಿಗಳ ಹೋಲಿಕೆಯನ್ನು ಕಂಡು ನೋಡುವವರು ನಗುವರು. ಆದರೆ ಅವಳಿಗಳನ್ನು ಹೆತ್ತ ತಾಯಿ ಯಾರನ್ನೂ ಯಾರೆಂದೂ ತಪ್ಪು ತಿಳಿಯುವುದಿಲ್ಲ. ಪ್ರೀತಿಯಿಂದ ನೋಡಿದವರಿಗೆ ಭೇದ ಕಾಣುತ್ತದೆ. ಒಬ್ಬ ಮನುಷ್ಯನ ತಲೆಯನ್ನು ಮಾಡುವುದೆಂದರೆ ಆ ಭೇದವನ್ನು ಗೌರವಿಸುವುದು. ಅಂದಗೊಳಿಸುವ ನೆವದಿಂದ ಅದನ್ನು ಒರಸಿಬಿಡುವುದು ಆ ಮನುಷ್ಯನಿಗೆ ಮಾಡುವ ಅನ್ಯಾಯ.

ಯಂತ್ರದೊಳಗಿನ ರೂಪವು ಲೋಕಕ್ಕೆ ಇಳಿದು ಬರುವ ಗಳಿಗೆಯಲ್ಲಿ ಅಳಿಸುವ ಅನುಕೂಲ ಮುಗಿಯುತ್ತದೆ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೋಂದೂರಿನಲ್ಲಿ 1925ರಲ್ಲಿ ಜನಿಸಿದ ಶಿಲ್ಪಿ ರಾಮ ಸುತಾರರು ಸರ್ದಾರ ಪಟೇಲರ ವಿಗ್ರಹಕ್ಕಾಗಿ ಮೊದಲು 3 ಅಡಿಯ, ಬಳಿಕ 18 ಅಡಿಯ, ಆ ಮೇಲೆ 30 ಅಡಿಯ ಮಾದರಿಗಳನ್ನು ಸಿದ್ಧಪಡಿಸಿದರು. ಕಡೆಯದನ್ನು ಬೆಳಕಿನ ಕಿರಣಗಳಿಂದ ಅಳೆದು ಗಣಕಯಂತ್ರಕ್ಕೆ ಇಳಿಸಿ, ಅದರ ಆಧಾರದ ಮೇಲೆ ಕಂಚಿನ ಹೊದಿಕೆಯನ್ನು ಎರಕ ಹೊಯ್ಯಲಾಯಿತು. 31-10-2018ರಂದು ಅನಾವರಣಗೊಂಡ ಆ ವಿಗ್ರಹದ ಎತ್ತರ 182 ಮೀಟರು, ಎಂದರೆ ಮಾದರಿಯ ಸುಮಾರು ಇಪ್ಪತ್ತು ಪಟ್ಟು. ಮಾದರಿಯ ಮುಖದಲ್ಲಿ ಒಂದು ಅಂಗುಲ ಜಾರಿದ್ದರೆ ಆಕಾಶದಲ್ಲಿ ಅದು ಇಪ್ಪತ್ತು ಅಂಗುಲ ಜಾರುತ್ತಿತ್ತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕವಲಾಪುರಕ್ಕೆ ಸಮೀಪದ ಮಿರಜೆಯಲ್ಲಿ ತಂಬೂರಿಯನ್ನು ಮಾಡುವ ಕಸುಬುದಾರರಿದ್ದಾರೆ. ಅಲ್ಲಿಯ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಒಣಗಿದ ಸೋರೆಬುರುಡೆಯ ಮೇಲೆ ಗರಗಸವಿಡುವ ಮುನ್ನ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಒಮ್ಮೆ ಕೊಯ್ದ ಬುರುಡೆ ಕೊಯ್ದದ್ದೇ. ಯಂತ್ರದ ಮುಂದೆ ಕುಳಿತವನು ಅಳಿಸುವ ಅವಕಾಶವಿರುವಾಗಲೇ ಆ ನೋಟವನ್ನು ರೂಢಿಸಿಕೊಳ್ಳದಿದ್ದರೆ ಅವಕಾಶವಿಲ್ಲದ ದಿನ ಅದು ಎಲ್ಲಿಂದ ಬಂದೀತು?

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಬೆಲೆಯಿಲ್ಲದ ತಪ್ಪೂ ತಪ್ಪೇ. ಏಕೆಂದರೆ ಅದು ಮೊದಲು ಉಳಿಯುವುದು ವಸ್ತುವಿನಲ್ಲಲ್ಲ, ಮಾಡಿದವನ ನೋಟದಲ್ಲಿ. ಅದರ ಹೊಣೆಯೂ ಅವನದೇ. ಯಾರೂ ಕೇಳದಿರುವಾಗ ಆ ಹೊಣೆಯನ್ನು ಹೊರುವವನು ನಿಜವಾಗಿ ಕಲಿಯುತ್ತಾನೆ. ಬಾಳಿನಲ್ಲಿಯೂ ಆಡಿದ ಮಾತನ್ನು ಹಿಂತೆಗೆದುಕೊಂಡೆನೆಂದು ಹೇಳುವುದು ಸುಲಭ. ಆ ಮಾತು ಬಾಯಿಗೆ ಬಂದುದೇಕೆಂದು ತನ್ನನ್ನು ತಾನು ಕೇಳಿಕೊಳ್ಳುವುದು ಕಷ್ಟ. ಜೀರ್ಣವಾದ ಗುಡಿಯನ್ನು ಉದ್ಧರಿಸುವವರು ಕಾಲವನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಗೋಡೆ ಬಿರಿದುದೇಕೆ, ನೀರು ಇಳಿದುದು ಎಲ್ಲಿಂದ ಎಂಬುದನ್ನು ಮೊದಲು ಹುಡುಕುತ್ತಾರೆ. ಬಳಿಕ ಕಲ್ಲಿನ ಮೇಲೆ ಕಲ್ಲನ್ನು ಇಡುತ್ತಾರೆ. ತೆರೆಯ ಮೇಲಿನ ಚೆಂಡಿನಿಂದ ಒಂದು ತಲೆಯನ್ನು ತೆಗೆಯಹೊರಟ ಎಳೆಯನೂ ಇದನ್ನೇ ಮಾಡಿದನಾದರೆ, ಅವನ ಹನ್ನೊಂದನೆಯ ತಲೆಯಲ್ಲಿ ಕಣ್ಣುಗಳು ತಮ್ಮ ಸ್ಥಾನಕ್ಕೆ ಇಳಿದು ನಿಲ್ಲುವುವು.