ನಾಲಗೆಯ ನುಡಿ, ರಕ್ತದ ಸಾಕ್ಷ್ಯ

ಸ್ಕಾಟ್ಲೆಂಡ್ ದೇಶದ ಪಶ್ಚಿಮ ಭಾಗದ 3,475 ಗರ್ಭಿಣಿಯರನ್ನು ಕುರಿತ ಸಂಶೋಧನೆಯೊಂದು 2009ರಲ್ಲಿ ಪ್ರಕಟವಾಯಿತು. ಧೂಮಪಾನ ಮಾಡುವೆವೆಂದು ತಾವೇ ಒಪ್ಪಿದವರು ನೂರಕ್ಕೆ 24 ಮಂದಿ. ರಕ್ತಪರೀಕ್ಷೆಯ ಗಣನೆಯಲ್ಲಿ 30 ಮಂದಿ. ಹೊಗೆಸೊಪ್ಪಿನ ನಿಕೋಟಿನ್ ಬಹುಪಾಲು ದೇಹದಲ್ಲಿ ಕೋಟಿನಿನ್ ಆಗಿ ಪರಿಣಮಿಸಿ ಕೆಲದಿನ ಉಳಿಯುವುದರಿಂದ ಈ ಅಂತರವು ಬಯಲಾಯಿತು.

ಇದನ್ನು ಕೇವಲ ಕಪಟವೆನ್ನಬಹುದೆ? ತಾಯಿಯಾಗುವವಳು ಹೊಗೆ ಸೇದುವಳೆಂದರೆ ಲೋಕವು ನಿಂದಿಸುತ್ತದೆ. ನಿಂದೆಯ ಭಯವು ನಾಲಗೆಯನ್ನು ಕಟ್ಟುತ್ತದೆ. ಆದರೆ ಮರೆಮಾಚಿದವಳಿಗೆ ಚಟ ಬಿಡಿಸುವ ನೆರವು ದೊರೆಯದು. ಹಾನಿಯು ಗರ್ಭದ ಶಿಶುವಿಗೂ ತಟ್ಟುವುದು. ಪರೀಕ್ಷೆಯು ಸುಳ್ಳನ್ನು ಹಿಡಿಯಬಲ್ಲುದು, ಸತ್ಯವನ್ನು ನುಡಿಸಲಾರದು. ನುಡಿಯುವವರಲ್ಲಿ ಧೈರ್ಯವೂ ಕೇಳುವವರಲ್ಲಿ ದಯೆಯೂ ಇದ್ದಲ್ಲಿ ಮಾತ್ರ ನಡೆನುಡಿಗಳು ಒಂದಾಗುವುವು.